ಗೃಹವಿನೋದ ವಿಚಾರ

ನಿವೃತ್ತನಾದ ಉಪಾಧ್ಯಾಯನಿಗೆ ಗಂಟೆಯ ಹಂಗಿಲ್ಲದ ದಿನವು ಮೊದಲು ಹಬ್ಬವಾಗಿಯೂ ಅನಂತರ ಹೊರೆಯಾಗಿಯೂ ತೋರುವುದು. ಮೋಕದಂತಹ ಊರಿನಲ್ಲಿ, ಹಗರಿಯ ಮರಳು ಕಾದು ಎರೆಯ ಹೊಲಗಳು ಬಿರುಕು ಬಿಡುವ ಬೇಸಗೆಯಲ್ಲಿ, ಹೊತ್ತೇರಿದ ಮೇಲೆ ಹೊರಗೆ ಹೊರಡುವುದೇ ಒಂದು ಸಾಹಸ. ಮನೆಯಲ್ಲಿಯೇ ಇದ್ದು ಕಾಲವನ್ನು ಹೇಗೆ ಸಾರ್ಥಕಗೊಳಿಸಬೇಕೆಂಬ ಪ್ರಶ್ನೆಯು ನನಗೆ ಹೀಗೆ ಎದುರಾಯಿತು. 2020ನೆಯ ಇಸವಿ ಮಾರ್ಚ್ 25ರಿಂದ, ಕೊರೋನಾ ರೋಗದ ಭಯದಿಂದ ದೇಶವೆಲ್ಲವೂ ಬಾಗಿಲು ಮುಚ್ಚಿ ಒಳಗೆ ಕುಳಿತಾಗ, ಆ ಪ್ರಶ್ನೆಯು ನನ್ನೊಬ್ಬನದಾಗಿ ಉಳಿಯಲಿಲ್ಲ. ಆ ದಿನಗಳಲ್ಲಿ ನಾನು ಎರಡು ಪ್ರಾಚೀನ ಗ್ರಂಥಗಳನ್ನು ಎದುರುಬದುರಾಗಿ ಇಟ್ಟುಕೊಂಡು ಓದಿದೆನು: ಒಂದು ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’, ಇನ್ನೊಂದು ಎರಡನೆಯ ಚಾವುಂಡರಾಯನ ಕನ್ನಡ ‘ಲೋಕೋಪಕಾರ’. ಆ ಓದಿನಿಂದ ಹುಟ್ಟಿದ ವಿಚಾರವನ್ನೂ, ಅದರಲ್ಲಿ ನನಗೆ ಕಂಡ ನನ್ನದೇ ಆದ ಒಂದು ತಪ್ಪನ್ನೂ ವಾಚಕರ ಮುಂದೆ ಇಡುವೆನು.

ಮೊದಲು ಶಬ್ದವಿಚಾರ. ಇಂದು ನಾವು ‘ಹವ್ಯಾಸ’ವೆಂದು ಮೆಚ್ಚಿ ನುಡಿಯುವ ಮಾತು ಮರಾಠಿಯಲ್ಲಿ ಮಿತಿಮೀರಿದ ಆಸೆಗೆ ಹೆಸರು. ಸಂಸ್ಕೃತದಲ್ಲಿ ಈ ಪ್ರಸಂಗಕ್ಕೆ ಒದಗುವ ಶಬ್ದಗಳು ಎರಡು: ವ್ಯಸನ, ವಿನೋದ. ಮನುಷ್ಯನನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದು ವ್ಯಸನ. ಮನಸ್ಸಿನ ಆಯಾಸವನ್ನು ಆಚೆಗೆ ತಳ್ಳುವುದು ವಿನೋದ. ಒಂದರಲ್ಲಿ ನಾವೇ ಎಸೆಯಲ್ಪಡುವೆವು, ಇನ್ನೊಂದರಲ್ಲಿ ದಣಿವು ಎಸೆಯಲ್ಪಡುವುದು. ಕ್ರಿಯೆಗಳಾದರೋ ಬಹುಮಟ್ಟಿಗೆ ಒಂದೇ. ಬೇಟೆ, ಜೂಜು, ಗೀತವಾದ್ಯನೃತ್ಯಗಳನ್ನು ಮನುಸ್ಮೃತಿಯು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳಲ್ಲಿ ಎಣಿಸಿದೆ; ಸೋಮೇಶ್ವರನು ಅವುಗಳನ್ನೇ ವಿನೋದ ಮತ್ತು ಕ್ರೀಡೆಗಳೆಂದು ವಿಸ್ತಾರವಾಗಿ ವರ್ಣಿಸಿದ್ದಾನೆ. ಆದುದರಿಂದ ಕ್ರಿಯೆಯ ಹೆಸರನ್ನು ಕೇಳಿ ಅದರ ಗುಣವನ್ನು ನಿರ್ಣಯಿಸಲಾಗದು. ಬೇರೊಂದು ಒರೆಗಲ್ಲು ಬೇಕು.

ಮಾನಸೋಲ್ಲಾಸವು 1129ರಲ್ಲಿ ರಚಿತವಾದುದು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತರಂತೆ ನೂರು ಅಧ್ಯಾಯಗಳು. ಕೊನೆಯ ಎರಡು ವಿಂಶತಿಗಳು ವಿನೋದಗಳಿಗೂ ಕ್ರೀಡೆಗಳಿಗೂ ಮೀಸಲು. ಕೋಳಿ, ಲಾವಕ್ಕಿ, ಟಗರುಗಳ ಕಾಳಗ, ಗಿಡುಗನ ಬೇಟೆ, ಮೀನುಹಿಡಿಯುವಿಕೆ, ಕಥೆ, ಒಗಟು, ಚದುರಂಗ, ಪಗಡೆ, ಬೆಳುದಿಂಗಳಿನ ಆಟ — ಎಲ್ಲವೂ ಅಲ್ಲಿವೆ. ಗ್ರಂಥಕರ್ತನ ದೃಷ್ಟಿ ಅತಿಸೂಕ್ಷ್ಮವಾದುದು. ಮೀನುಗಳ ಜಾತಿಗಳನ್ನು ವಿವರಿಸಿ, ಅವುಗಳಿಗೆ ಹಾಕತಕ್ಕ ಆಹಾರವನ್ನೂ ಹೇಳದೆ ಬಿಡುವುದಿಲ್ಲ. ನಮ್ಮ ಕುರುಗೋಡಿನ ಸಿಂದರು ಈ ಚಾಳುಕ್ಯರ ಮಾಂಡಲಿಕರಾಗಿದ್ದವರಾದುದರಿಂದ ಈ ರಾಜಭೋಗದ ಚಿತ್ರವು ನಮಗೆ ಪರಕೀಯವೂ ಅಲ್ಲ. ಆದರೂ ಓದುತ್ತ ಹೋದಂತೆ ಒಂದು ಅಂಶವು ಮನಸ್ಸಿಗೆ ತಟ್ಟುವುದು. ಟಗರನ್ನು ಸಾಕುವವರು ಒಬ್ಬರು, ಗಿಡುಗವನ್ನು ಪಳಗಿಸುವವರು ಮತ್ತೊಬ್ಬರು. ಅರಸನು ನೋಡಿ ಸಂತೋಷಪಡುವನು. ಇಲ್ಲಿ ವಿನೋದವು ಬಹುಮಟ್ಟಿಗೆ ಕಣ್ಣಿನದು. ಅಂಗೈಯಲ್ಲಿ ಯಂತ್ರವನ್ನು ಹಿಡಿದು ದಿನವೆಲ್ಲ ಪರರ ಆಟವನ್ನು ನೋಡುತ್ತಿರುವ ಈಗಿನ ಗೃಹಸ್ಥನು, ರಾಜ್ಯವಿಲ್ಲದಿದ್ದರೂ, ಈ ಒಂದು ವಿಷಯದಲ್ಲಿ ಸೋಮೇಶ್ವರನ ವಾರಸುದಾರನೆಂದರೆ ತಪ್ಪಾಗಲಾರದು.

ಇದಕ್ಕೆ ಸುಮಾರು ನೂರು ವರ್ಷಗಳ ಹಿಂದೆ, 1025ರ ಹೊತ್ತಿಗೆ, ಅದೇ ವಂಶದ ಜಯಸಿಂಹ ಜಗದೇಕಮಲ್ಲನ ಆಶ್ರಯದಲ್ಲಿ ಚಾವುಂಡರಾಯನು ಲೋಕೋಪಕಾರವನ್ನು ಬರೆದನು. ಹನ್ನೆರಡು ಅಧಿಕಾರಗಳ ಈ ಗ್ರಂಥದಲ್ಲಿ ಮನೆ ಕಟ್ಟುವುದು, ನೆಲದಡಿಯ ನೀರನ್ನು ಗುರುತಿಸುವುದು, ಗಿಡಮರಗಳನ್ನು ಬೆಳೆಸುವುದು, ಸುಗಂಧವನ್ನು ತಯಾರಿಸುವುದು, ಅಡಿಗೆ, ಮನುಷ್ಯರಿಗೂ ದನಕರುಗಳಿಗೂ ಮದ್ದು ಮುಂತಾದ ವಿಷಯಗಳಿವೆ. ಇಲ್ಲಿ ವಿನೋದವೆಂಬ ಹೆಸರಿಲ್ಲ. ಆದರೆ ಮನೆಯಲ್ಲಿರುವವನ ಕೈಗೆ ದಿನಕ್ಕೊಂದು ಕೆಲಸವುಂಟು. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನೂ ಕೂಡಿಸಿ ಇಡ್ಡಲಿಗೆಯನ್ನು ಮಾಡುವ ಕ್ರಮವನ್ನು ಓದುವಾಗ, ಕವಿಯು ಒಲೆಯ ಬಳಿ ನಿಂತು ನೋಡಿದವನೆಂದೇ ತೋರುವುದು. ಸಂಸ್ಕೃತದಲ್ಲಿ ಪಂಡಿತರ ಸೊತ್ತಾಗಿದ್ದ ಶಾಸ್ತ್ರಗಳನ್ನು ಕನ್ನಡ ಬಲ್ಲವರ ಮನೆಗೆ ತಂದುಕೊಟ್ಟುದೇ ಆತನ ದೊಡ್ಡ ಉಪಕಾರ.

ಹಾಗೆಂದು ಗ್ರಂಥವನ್ನು ಕಣ್ಣುಮುಚ್ಚಿ ಹೊಗಳುವುದು ವಿಮರ್ಶೆಯಾಗದು. ಶಕುನ, ಮುಹೂರ್ತಗಳ ಭಾಗವು ಅಂದಿನವರ ನಂಬಿಕೆಯನ್ನು ತಿಳಿಯುವುದಕ್ಕೆ ಮಾತ್ರ ಉಪಯುಕ್ತ. ವಿಷಚಿಕಿತ್ಸೆಯ ಭಾಗವನ್ನು ಇಂದು ಪ್ರಯೋಗಿಸುವುದು ಅಪಾಯ. ಹಾವು ಕಚ್ಚಿದವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ದು ಪ್ರತಿವಿಷವನ್ನು ಕೊಡಿಸುವುದೊಂದೇ ಮಾರ್ಗ. ವಿವೇಕದಿಂದ ಆರಿಸಿಕೊಂಡು ಓದುವವನಿಗೆ ಮಾತ್ರ ಹಳೆಯ ಗ್ರಂಥವು ಉಪಕಾರಿ. ಆದರೆ ಆತನು ಗ್ರಂಥಕ್ಕೆ ಇಟ್ಟ ಹೆಸರೇ ನಾನು ಹುಡುಕುತ್ತಿದ್ದ ಒರೆಗಲ್ಲು. ಮನೆಯೊಳಗೆ ಹುಟ್ಟಿದ ಕೆಲಸದ ಫಲವು ಹೊಸ್ತಿಲನ್ನು ದಾಟಿ ಮತ್ತೊಬ್ಬರಿಗೆ ಮುಟ್ಟುವುದೇ? ಮುಟ್ಟಿದರೆ ಅದು ವಿನೋದವೂ ಹೌದು, ಉಪಕಾರವೂ ಹೌದು.

ಇನ್ನು ನನ್ನ ತಪ್ಪಿನ ವಿಷಯ. ಕೆಲವು ವರ್ಷಗಳ ಹಿಂದೆ ಒಂದು ಸಭೆಯಲ್ಲಿ ಗೃಹಸ್ಥನ ವಿನೋದಗಳನ್ನು ಕುರಿತು ಉಪನ್ಯಾಸ ಮಾಡಿದ್ದೆನು. ಚದುರಂಗ, ಕೈತೋಟ, ಸಂಗೀತ, ಅಂಚೆಚೀಟಿಗಳ ಸಂಗ್ರಹ — ಯಾವುದನ್ನೂ ಬಿಡಲಿಲ್ಲವೆಂಬ ಹೆಮ್ಮೆಯಿಂದ ಮನೆಗೆ ಬಂದರೆ, ಮನೆಯಾಕೆ ಪಡಸಾಲೆಯಲ್ಲಿ ಕೌದಿಯನ್ನು ಹರಡಿಕೊಂಡು ಹೊಲಿಯುತ್ತಿದ್ದಳು. ನಾನು ಪಟ್ಟಿಯನ್ನು ಒಪ್ಪಿಸಿದೆನು. ಆಕೆ ಸೂಜಿಯಿಂದ ಕಣ್ಣೆತ್ತದೆ, “ನಿಮ್ಮ ಪಟ್ಟ್ಯಾಗ ಕೌದಿ ಬಂತೇನ್ರೀ?” ಎಂದಳು. ಬಂದಿರಲಿಲ್ಲ. ಗಂಡಸರು ಮಾಡುವುದು ವಿನೋದ, ಹೆಂಗಸರು ಮಾಡುವುದು ಮನೆಗೆಲಸ ಎಂಬ ಭೇದವನ್ನು ನಾನು ವಿಚಾರಿಸದೆಯೇ ಅಂಗೀಕರಿಸಿದ್ದೆನು.

ಮೇಲ್ಕಂಡ ಎರಡು ಗ್ರಂಥಗಳಲ್ಲಿಯೂ ಸೂಜಿಯ ಕೆಲಸಕ್ಕೆ ಪ್ರತ್ಯೇಕವಾದ ಅಧ್ಯಾಯವಿಲ್ಲ. ಆದರೆ ವಾತ್ಸ್ಯಾಯನನ ಅರುವತ್ತುನಾಲ್ಕು ಕಲೆಗಳಲ್ಲಿ ಟಗರಿನ ಕಾಳಗದೊಡನೆಯೇ, ವೃಕ್ಷಾಯುರ್ವೇದದೊಡನೆಯೇ, ಸೂಚೀಕರ್ಮವೂ ಎಣಿಕೆಯಾಗಿದೆ. ಪಾಠಶಾಲೆಯಲ್ಲಿ ಕಲೆಗಳ ಸಂಖ್ಯೆಯನ್ನು ಬಾಯಿಪಾಠ ಮಾಡಿದ್ದ ನನಗೆ ಅದರ ಅರ್ಥವು ಪಡಸಾಲೆಯಲ್ಲಿ ತಿಳಿಯಬೇಕಾಯಿತು.

ಕೌದಿಯ ರಚನೆಯನ್ನು ಗಮನಿಸಿದವರಿಗೆ ಅದು ಕಲೆಯೇ ಅಲ್ಲವೇ ಎಂಬ ಸಂಶಯ ಉಳಿಯದು. ಉಟ್ಟು ಮೆತ್ತಗಾದ ಹತ್ತಿಯ ಸೀರೆ, ಧೋತ್ರಗಳನ್ನು ಸುಕ್ಕಿಲ್ಲದಂತೆ ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಹೊಲಿಗೆಯನ್ನು ನಡೆಯಿಸಬೇಕು. ಪದರವು ಒಂದೆಡೆ ಸಡಿಲವಾದರೆ ಇಡೀ ಕೌದಿಯೇ ಗಂಟುಗಂಟಾಗುವುದು. ಒಮ್ಮೆ ಬಳ್ಳಾರಿಯಿಂದ ಬಂದ ಜೀನ್ಸ್ ಬಟ್ಟೆಯ ಚೂರುಗಳನ್ನು ಆಕೆ ನಡುವೆ ಇಟ್ಟಳು, ಸೂಜಿ ಮುರಿಯಿತು. ಅವುಗಳನ್ನು ಬಿಚ್ಚಿ, ಎಳೆತಕ್ಕೆ ಸಿಕ್ಕುವ ಅಂಚಿನಲ್ಲಿ ಇಟ್ಟಳು. ಗಟ್ಟಿಯಾದುದಕ್ಕೆ ಅದರದೇ ಸ್ಥಾನವುಂಟೆಂಬ ಈ ತಿಳಿವನ್ನೇ ಕ್ಷೇಮೇಂದ್ರನು ಕಾವ್ಯದಲ್ಲಿ ಔಚಿತ್ಯವೆಂದು ಕರೆದನು. ಇನ್ನು ಉಪಕಾರದ ಒರೆಗಲ್ಲಿಗೆ ಹಚ್ಚಿದರೆ, ಆಕೆಯ ಕೌದಿಗಳಲ್ಲಿ ನಮ್ಮ ಮನೆಯಲ್ಲಿ ಉಳಿದವು ಎರಡು. ಮಿಕ್ಕವೆಲ್ಲವೂ ಬಾಣಂತಿಯರ ಮನೆಗೆ, ಹೆಣ್ಣುಮಕ್ಕಳ ಮನೆಗೆ ಹೋದುವು. 2020ರಲ್ಲಿ ಅದೇ ಸೂಜಿಯಿಂದ ಮುಖಕ್ಕೆ ಕಟ್ಟುವ ವಸ್ತ್ರಗಳು ಹೊಲಿಯಲ್ಪಟ್ಟು ಓಣಿಯ ಮನೆಗಳಿಗೆ ಹೋದುವು. ಮನುಷ್ಯರು ಹೊಸ್ತಿಲು ದಾಟದಿದ್ದ ಕಾಲದಲ್ಲಿ ಅವರ ಕೆಲಸವು ದಾಟಿತು. ನಾನು ಆ ದಿನಗಳಲ್ಲಿ ಆಡಿದ ಚದುರಂಗದಿಂದ ಯಾರಿಗೂ ಏನೂ ಮುಟ್ಟಲಿಲ್ಲ.

ನಮ್ಮ ಜಿಲ್ಲೆಯ ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತುದರಿಂದ, ಸೂಜಿಯ ಕೆಲಸಕ್ಕೂ ಊರಿನ ಹೆಸರನ್ನು ಉಳಿಸುವ ಶಕ್ತಿಯುಂಟೆಂದು ಸಿದ್ಧವಾಗಿದೆ. ಮನೆಯ ಕೌದಿಗೆ ಮಾರುಕಟ್ಟೆಯ ಮಾನ್ಯತೆ ಬೇಕೆಂದು ನಾನು ಹೇಳುವುದಿಲ್ಲ. ಅಕ್ಷರದ ಮಾನ್ಯತೆಯಾದರೂ ಬೇಕು. ಚಾವುಂಡರಾಯನು ಬರೆಯದಿದ್ದರೆ ಇಡ್ಡಲಿಗೆಯ ಆ ಕ್ರಮವು ಇಂದು ನಮಗೆ ಹೇಗೆ ತಿಳಿಯುತ್ತಿತ್ತು? ಕೌದಿಗೆ ಎಷ್ಟು ಪದರ, ಯಾವ ದಾರ, ಎಲ್ಲಿಂದ ಆರಂಭ ಎಂಬುದನ್ನು ಬಲ್ಲವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಅನೇಕರು ಬರೆಯುವ ಅಭ್ಯಾಸವಿಲ್ಲದವರು. ಬರೆಯಬಲ್ಲ ನಾವು ಅವರ ಬಳಿ ಕುಳಿತು ಕೇಳಿ, ಅಳತೆಯೊಡನೆ ಬರೆದುಕೊಳ್ಳತಕ್ಕದ್ದು. ವಾಚಕರು ತಮ್ಮ ತಮ್ಮ ಮನೆಗಳ ಇಂತಹ ವಿದ್ಯೆಗಳನ್ನು ಬರೆದು ಈ ಪತ್ರಿಕೆಗೆ ಕಳುಹಿಸಿದರೆ ಲೋಕೋಪಕಾರಕ್ಕೆ ಹದಿಮೂರನೆಯ ಅಧಿಕಾರವೊಂದು ಕೂಡಿದಂತಾಗುವುದು. ನಾನು ನನ್ನ ಭಾಗವನ್ನು ಆರಂಭಿಸಿರುವೆನು. ಮೊದಲನೆಯ ಪುಟವನ್ನು ಮನೆಯಾಕೆಗೆ ಓದಿ ಹೇಳಿದಾಗ ಆಕೆ ಮೂರು ತಪ್ಪುಗಳನ್ನು ತೋರಿಸಿದಳು, ತಿದ್ದುತ್ತಿದ್ದೇನೆ.