ನಮ್ಮ ಕಂದಾಯದ ಪಿಯಾನೋ

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣಪತಿ ಪೆಂಡಾಲಿನ ಸಿನಿಮಾ ಹಾಡು. ಕಡೂರು, ತರೀಕೆರೆ, ಅಜ್ಜಂಪುರದ ಯಾವ ಕೇರಿಯಲ್ಲಿ ಕೇಳಿದರೂ ಇದೇ ಉತ್ತರ. ಕೋಟು ತೊಟ್ಟ ದೊಡ್ಡ ಮೇಳ ಕೂತು, ಮುಂದೆ ಅತಿಥಿಯೊಬ್ಬ ಪಿಯಾನೋ ನುಡಿಸುವ ಯುರೋಪಿನ ಕಛೇರಿಗೂ ನಮಗೂ ಏನು ಸಂಬಂಧ ಅನ್ನಬಹುದು. ಸಂಬಂಧ ಇದೆ. ಅದಕ್ಕೆ ದುಡ್ಡು ತೆತ್ತವರಲ್ಲಿ ನಮ್ಮೋರೂ ಇದ್ದಾರೆ.

ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾವನ್ನು 1945ರಲ್ಲಿ ಕಟ್ಟಿದವನು ವಾಲ್ಟರ್ ಲೆಗ್. ರಷ್ಯ ಬಿಟ್ಟು ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ 1947ರಲ್ಲಿ ಈ ಮೇಳದೊಂದಿಗೆ ತನ್ನದೇ ಮೂರು ಕನ್ಸರ್ಟೊಗಳನ್ನು ನುಡಿಸಿ ಧ್ವನಿಮುದ್ರಿಸಿದ. ಕನ್ಸರ್ಟೊ ಅಂದರೆ ಪಿಯಾನೋ ಒಂದು ಕಡೆ, ಇಡೀ ಮೇಳ ಇನ್ನೊಂದು ಕಡೆ ನಿಂತು ಮಾತಾಡಿಕೊಳ್ಳುವ ದೊಡ್ಡ ಕೃತಿ. ಖರ್ಚು ಹೊತ್ತವರು ಮೈಸೂರಿನ ಜಯಚಾಮರಾಜ ಒಡೆಯರು. ಇದೂ ಸಾಲದೆಂದು, ವರ್ಷಕ್ಕೆ 10,000 ಪೌಂಡಿನಂತೆ 3 ವರ್ಷ ಮೇಳಕ್ಕೆ ನೆರವು ಕೊಡಲು ಒಪ್ಪಿದರೆಂದು ಲೆಗ್ ಬರೆದುಕೊಂಡಿದ್ದಾನೆ. ಆಗಿನ ಲೆಕ್ಕದಲ್ಲಿ ವರ್ಷಕ್ಕೆ 1.33 ಲಕ್ಷ ರೂಪಾಯಿ.

ಅರಮನೆ ದುಡ್ಡು ಅರಮನೆಯಲ್ಲಿ ಬೆಳೆಯಲಿಲ್ಲ. ಅದರ ಬೇರು ಸಂಸ್ಥಾನದ ಬೊಕ್ಕಸದಲ್ಲಿ. ಬೊಕ್ಕಸದ ಬೇರು ಕಡೂರಿನ ರಾಗಿ ಹೊಲ, ತರೀಕೆರೆಯ ತೋಟದ ಕಂದಾಯದಲ್ಲಿ. ಅದೇ 1947ರ ಸೆಪ್ಟೆಂಬರಿನಲ್ಲಿ ಇಲ್ಲಿ 'ಮೈಸೂರು ಚಲೋ' ಚಳವಳಿ. ಜವಾಬ್ದಾರಿ ಸರ್ಕಾರ ಕೊಡಿ ಅಂದವರು ಜೈಲಿಗೆ ಹೋದರು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡದೆ 'ಕಲಾಪೋಷಕ ಮಹಾರಾಜರು' ಎಂದು ಕೈಮುಗಿಯುವ ವಿಮರ್ಶೆ ನಮಗೆ ಬೇಡ.

ಹಾಗಂತ 'ರಾಜನ ಸಂಗೀತ, ಬೂರ್ಜ್ವಾ ಸಂಗೀತ' ಎಂದು ತೂರಿಬಿಡುವ ಗೆಳೆಯರ ಮಾತನ್ನೂ ನಾವು ಒಪ್ಪೆವು. ಒಡೆಯರಿಗೆ ಇದು ಬರೀ ಶೋಕಿಯಾಗಿರಲಿಲ್ಲ. ಸ್ವತಃ ಪಿಯಾನೋ ಕಲಿತವರು, ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು. ಹೆಸರಿಗೆ ಹಾತೊರೆದಿದ್ದರೆ ದೊಡ್ಡ ಹೆಸರುಗಳಿಗೇನು ಬರವಿತ್ತೆ? ಅವರು ಹಿಡಿದದ್ದು ಯುದ್ಧದಲ್ಲಿ ಆದಾಯ ಕಳಕೊಂಡು, ಹೃದಯದ ಕಾಯಿಲೆಯಿಂದ ನರಳುತ್ತಿದ್ದ ಮುದುಕನನ್ನು. ಮೆಟ್ನರ್ ತನ್ನ ಮೂರನೆಯ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದ, 1951ರಲ್ಲಿ ತೀರಿಕೊಂಡ. ಅವನನ್ನು ದೂರಿ ಪ್ರಯೋಜನವಿಲ್ಲ.

ಅಜ್ಜಂಪುರದ ಒಂದು ಜಗಲಿಯ ಮೇಲೆ ಕೂತು ನಾವು ಆ ಮೂರನೆಯದನ್ನು ಮೊಬೈಲಿನಲ್ಲಿ ಕೇಳಿದೆವು. ಅರ್ಧ ಗಂಟೆಗೂ ಹೆಚ್ಚು, ಎಲ್ಲೂ ನಿಲ್ಲದೆ ಸಾಗುತ್ತದೆ. ಮೊದಲ ಭಾಗ ಹೊಳೆ ಹರಿದಂತೆ. ಮುಳುಗಿ ಮಲಗಿದ ವೀರನ ಮೇಲೆ ಜಲಕನ್ಯೆ ಹಾಡುವ ಲೆರ್ಮೊಂತೊವ್‌ನ ಕವಿತೆ ಅದರ ಹಿಂದಿದೆ. ಕೊನೆಯ ಭಾಗದ ಮೇಲೆ 'ಎಚ್ಚರಗೊಳ್ಳುತ್ತ' ಎಂಬ ಅರ್ಥದ ಇಟಾಲಿಯನ್ ಪದ ಬರೆದಿದ್ದಾನೆ. ನಿಜ ಹೇಳಬೇಕೆಂದರೆ ನಡುವೆ ನಮಗೆ ಬೇಜಾರಾಯಿತು. ಸುತ್ತಿ ಸುತ್ತಿ ಅಲ್ಲೇ ಬರುತ್ತಾನೆ. ಆದರೆ ಕೊನೆಗೆ ನಗಾರಿ ಏಳುವಾಗ ಮೈ ನೆಟ್ಟಗಾಯಿತು.

ಆ ನಗಾರಿಗೆ ಟಿಂಪನಿ ಅನ್ನುತ್ತಾರೆ. ಆಗ ಅದಕ್ಕೆ ಹೊದಿಸುತ್ತಿದ್ದುದು ಕರುವಿನ ಚರ್ಮ. ಅಜ್ಜಂಪುರದವರಿಗೆ ಚರ್ಮದ ಮಾತು ಹೊಸದೇ? ಅರಮನೆಯ ಅಮೃತಮಹಲ್ ದನ ಮೇಯ್ದ ಕಾವಲು ಇಲ್ಲೇ ಇದೆ. ಸತ್ತ ದನ ಹೊತ್ತವರು, ಸುಲಿದವರು, ಹದ ಮಾಡಿ ಹಲಗೆ ಬಿಗಿದವರು ನಮ್ಮ ಕೇರಿಯವರು. ಹಲಗೆಯಿಲ್ಲದೆ ದೇವರು ಹೊರಡದು, ಬಡಿಯುವವನು ಮಾತ್ರ ಗುಡಿಯ ಹೊರಗೆ. ಅಲ್ಲಿ ಚರ್ಮ ಬಡಿಯುವವನು ಪಿಟೀಲಿನವನು ತೊಟ್ಟ ಕೋಟನ್ನೇ ತೊಟ್ಟು ಅದೇ ವೇದಿಕೆಯಲ್ಲಿ ಕೂರುತ್ತಾನೆ. ಅಲ್ಲೇನೂ ಸಮಾನತೆ ಸುರಿಯುತ್ತಿರಲಿಲ್ಲ ಅನ್ನಿ. ವಿಯೆನ್ನಾ ಫಿಲ್ಹಾರ್ಮೋನಿಕ್ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1997ರಲ್ಲಿ.

ಜಗಲಿಯಲ್ಲಿ ನಮ್ಮ ಜೊತೆ ಹಲಗೆ ಬಡಿಯುವ ಹಿರಿಯರೊಬ್ಬರಿದ್ದರು. ಅಲ್ಲಿಯತನಕ ಸುಮ್ಮನಿದ್ದವರು ಕೇಳಿದರು: "ಈ ನಗಾರಿಯೋನು ಒಳಗವ್ನೋ, ಹೊರಗವ್ನೋ?"

ಹಿಂದಿನ ಸಾಲಿನಲ್ಲಿ, ಆದರೆ ಒಳಗೇ, ಅಂದೆವು.

"ಹಂಗಾದ್ರೆ ಇನ್ನೊಂದ್ಸಲ ಹಾಕ್ರಪ್ಪ."