ವಯಸ್ಸಿಗೆ ಚಪ್ಪಾಳೆ, ಚಿತ್ರಕ್ಕೆ?

ನಿವೃತ್ತರಾದ ಮೇಷ್ಟ್ರೋ ಟೀಚರ್ರೋ ಬ್ರಶ್ಶು ಹಿಡಿದರೆ ನಮ್ಮ ದಾವಣಗೆರೆ ಕಡೆ ಎರಡೇ ಮಾತು. ಮನೆಯವರು "ಟೈಂಪಾಸ್ ಆಗ್ತದೆ ಬಿಡ್ರಿ" ಅಂತಾರೆ. ವೇದಿಕೆ ಮೇಲಿನವರು "ಈ ವಯಸ್ಸಿನಲ್ಲೂ ಎಂಥಾ ಉತ್ಸಾಹ!" ಅಂತ ಶಾಲು ಹೊದಿಸ್ತಾರೆ. ಗೋಡೆ ಮೇಲಿರೋ ಚಿತ್ರವನ್ನ ಮಾತ್ರ ಇಬ್ಬರೂ ನೋಡಿರೋದಿಲ್ಲ.

ಸರ್ಕಾರಿ ಶಿಕ್ಷಕರು 60ಕ್ಕೆ ನಿವೃತ್ತರಾಗ್ತಾರೆ. ಆರೋಗ್ಯ ಇದ್ದರೆ ಮುಂದೆ ಹದಿನೈದು-ಇಪ್ಪತ್ತು ವರ್ಷ ಕೈಯಲ್ಲಿರುತ್ತೆ. ಅಷ್ಟು ವರ್ಷ ಸಾಫ್ಟ್‌ವೇರ್‌ನಲ್ಲಿ ದುಡಿದವರನ್ನ ನಾವು ಸೀನಿಯರ್ ಅಂತೀವಿ. ಅಷ್ಟೇ ವರ್ಷ ಬಣ್ಣದ ಜೊತೆ ಕಳೆದವರು ಮಾತ್ರ ಕೊನೆತನಕ ಹವ್ಯಾಸಿಗಳೇ!

ರವೀಂದ್ರನಾಥ ಠಾಕೂರರನ್ನ ನೋಡಿ. 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದವರು, ಚಿತ್ರಕ್ಕೆ ಗಂಭೀರವಾಗಿ ಇಳಿದದ್ದು ಅರವತ್ತು ದಾಟಿದ ಮೇಲೆ. 1924ರ 'ಪೂರಬಿ' ಹಸ್ತಪ್ರತಿಯಲ್ಲಿ ತಾವೇ ಹೊಡೆದುಹಾಕಿದ ಪದಗಳನ್ನ ಗೆರೆಗಳಿಂದ ಕೂಡಿಸುತ್ತಾ ಹೋದರು. ಕಾಟು ಹೊಡೆದ ಜಾಗದಲ್ಲೇ ಹಕ್ಕಿಗಳು, ವಿಚಿತ್ರ ಪ್ರಾಣಿಗಳು ಎದ್ದು ಬಂದವು. 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನ ಆಯ್ತು. ಕೊನೆಗೆ ಉಳಿದದ್ದು 2000ಕ್ಕೂ ಹೆಚ್ಚು ಚಿತ್ರ. ಕಲಾಶಾಲೆಯ ತರಬೇತಿ ಇಲ್ಲದ ಕೈ ಅನ್ನೋದು ಅವುಗಳಲ್ಲಿ ಕಾಣುತ್ತೆ, ಅಳತೆ ಅಲ್ಲಲ್ಲಿ ತಪ್ಪಿದೆ. ಆದರೆ ಕತ್ತಲಿಂದ ದಿಟ್ಟಿಸೋ ಆ ಹೆಂಗಸರ ಮುಖಗಳು ಇನ್ನೊಬ್ಬರ ಕೈಯಲ್ಲಿ ಬರುವಂಥವಲ್ಲ. ಗುಣ, ದೋಷ ಎರಡನ್ನೂ ಹೇಳಿದರೇ ಅದು ನೋಡಿದ ಲೆಕ್ಕ.

ನಮ್ಮ ಮೇಷ್ಟ್ರುಗಳಿಗೂ ಕಾಟು ಹೊಡೆಯೋದು ಗೊತ್ತು. ಮೂವತ್ತು ವರ್ಷ ಕೆಂಪು ಇಂಕಲ್ಲಿ ಮಕ್ಕಳ ನೋಟ್‌ಬುಕ್ ತಿದ್ದಿದ ಕೈ ಅದು. ಅಂಥವರ ಚಿತ್ರವನ್ನ ತಿದ್ದೋರೇ ಇಲ್ಲ. ನಮ್ಮ ಕೆಲಸದಲ್ಲಿ ಯಾರೇ ಕೋಡ್ ಬರೆದರೂ ಇನ್ನೊಬ್ಬರು ಓದಿ ತಪ್ಪು ಹುಡುಕ್ತಾರೆ. ಓದದೆ "ಚೆನ್ನಾಗಿದೆ" ಅಂದರೆ ಅದು ಮರ್ಯಾದೆ ಅಲ್ಲ, ಉದಾಸೀನ.

ಹಾಗಾದ್ರೆ ಏನು ಹೇಳಬಹುದು? ಮೊದಲನೆಯದು ಕಾಪಿ. ಕ್ಯಾಲೆಂಡರ್ ದೇವರು, ಹಿಮದ ಬೆಟ್ಟ, ಯೂಟ್ಯೂಬ್ ನೋಡಿ ಬಣ್ಣ ಬಳಿದ ಬಾಟಲಿ. ಕೈ ಪಳಗೋಕೆ ಕಾಪಿ ಬೇಕು, ಆದರೆ ಅಲ್ಲೇ ನಿಲ್ಲಬಾರದು. ದಾವಣಗೆರೆಯಿಂದ ಬಸ್ ಹತ್ತಿದರೆ ಅರ್ಧ ಗಂಟೆಗೆ ಹರಿಹರ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯ ಕಂಬಗಳು ತಿರುಗಣೆಗೆ ಹಾಕಿ ಕಡೆದಂಥವು. ಮೈಸೂರು ಕಿರ್ಲೋಸ್ಕರ್ ಲೇತ್ ಮಷೀನು ತಯಾರಿಸ್ತಿದ್ದದ್ದೂ ಅದೇ ಊರಲ್ಲಿ. ಕಲ್ಲು ತಿರುಗಿದ ಊರಲ್ಲೇ ಕಬ್ಬಿಣವೂ ತಿರುಗಿತು. ಇದು ಯಾವ ಕ್ಯಾಲೆಂಡರಲ್ಲೂ ಸಿಗೋ ಚಿತ್ರ ಅಲ್ಲ. ಇತ್ತ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯೂ ಕಾದು ಕೂತಿದೆ.

ಎರಡನೆಯದು, ಕರಕುಶಲ ಅಂದರೆ ಚಿತ್ರಕ್ಕಿಂತ ಒಂದು ಮೆಟ್ಟಿಲು ಕೆಳಗೆ ಅನ್ನೋ ಭಾವನೆ. ಕೌದಿ ಹೊಲಿಯೋರು ಯಾವ ಹಳೇ ಸೀರೆ ತುಂಡಿನ ಪಕ್ಕ ಯಾವುದು ಬರಬೇಕು ಅಂತ ಯೋಚಿಸ್ತಾರಲ್ಲ, ಅದೂ ಬಣ್ಣದ ತೀರ್ಮಾನವೇ. ಅದನ್ನೂ ಚಿತ್ರ ನೋಡಿದಷ್ಟೇ ಹೊತ್ತು ನಿಂತು ನೋಡಬೇಕು.

1964ರಿಂದ ದೃಶ್ಯಕಲಾ ಕಾಲೇಜು ಇರೋ ಊರು ನಮ್ಮದು. ನೋಡಬಲ್ಲ ಕಣ್ಣುಗಳಿಗೆ ಬರ ಇಲ್ಲ. ಮುಂದಿನ ಪ್ರದರ್ಶನಕ್ಕೆ ಶಾಲು, ಹಾರ ಬಿಟ್ಟು ಅಂಥ ನಾಲ್ಕು ಜನರನ್ನ ಕರೆದು ಒಂದು ಸಂಜೆ ಮಾತಾಡಿಸಿ. "ಇಲ್ಲಿ ನೀಲಿ ಜಾಸ್ತಿ ಆಯ್ತು ಟೀಚರ್" ಅಂತ ಒಬ್ಬ ಹುಡುಗ ಅಂದರೆ ಅವರಿಗೆ ಒಂದು ಗಳಿಗೆ ಬೇಜಾರಾಗಬಹುದು. ಮಾರನೇ ದಿನ ಮತ್ತೆ ಬ್ರಶ್ಶು ಹಿಡಿಯೋಕೆ ಒಂದು ಕಾರಣವಂತೂ ಸಿಕ್ಕಿರುತ್ತೆ.