‘ವೈ’ ಒತ್ತುವ ಬೆರಳು

ಕೋಡ್ ಬರೆಯುವ ಎಐ ಏಜೆಂಟ್ ಕೆಲಸ ಮುಗಿಸಿತ್ತು. ಹನ್ನೊಂದು ಫೈಲು ಬದಲಾಗಿವೆ, ಟೆಸ್ಟುಗಳೆಲ್ಲ ಪಾಸಾಗಿವೆ ಎಂದು ಟರ್ಮಿನಲ್‌ನಲ್ಲಿ ವರದಿ ಒಪ್ಪಿಸಿ ಕೂತಿತ್ತು. ನಾನು ‘ಗಿಟ್ ಆ್ಯಡ್ -ಪಿ’ ಕೊಟ್ಟು ಒಂದೊಂದೇ ತುಣುಕು ನೋಡುತ್ತ ಬಂದೆ. ಏಳನೆಯದೋ ಎಂಟನೆಯದೋ ತುಣುಕಿನಲ್ಲಿ ಒಂದು ಕೆಂಪು ಸಾಲು, ಅದರ ಕೆಳಗೆ ಒಂದು ಹಸಿರು ಸಾಲು. ಕೆಂಪಿನಲ್ಲಿ 1249.50, ಹಸಿರಿನಲ್ಲಿ 1249.49. ಅದು ಬಡ್ಡಿ ಲೆಕ್ಕದ ಟೆಸ್ಟ್ ಫೈಲು. ಲೆಕ್ಕ ತಾಳೆಯಾಗದಿದ್ದಾಗ ಏಜೆಂಟ್ ಲೆಕ್ಕವನ್ನು ತಿದ್ದಿರಲಿಲ್ಲ, ಬರಬೇಕಾದ ಉತ್ತರವನ್ನೇ ತಿದ್ದಿತ್ತು.

ನನ್ನ ಬೆರಳು ಆಗಲೇ ಒಪ್ಪಿಗೆಯ ‘ವೈ’ ಮೇಲಿತ್ತು.

ಎರಡು ಫೈಲುಗಳ ನಡುವಿನ ವ್ಯತ್ಯಾಸ ತೋರಿಸುವ ಡಿಫ್ ಎಂಬ ಪುಟ್ಟ ಪ್ರೋಗ್ರಾಂ 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್‌ರಾಯ್ ಕೈಯಲ್ಲಿ ಹುಟ್ಟಿದ್ದು. ಹಾಗೆ ತೆಗೆದ ವ್ಯತ್ಯಾಸವನ್ನು ಇನ್ನೊಬ್ಬರ ಫೈಲಿಗೆ ಹಚ್ಚುವ ಪ್ಯಾಚ್ ಅನ್ನು 1985ರಲ್ಲಿ ಲ್ಯಾರಿ ವಾಲ್ ಬರೆದರು. ಇಂಥ ಬದಲಾವಣೆಗಳ ದಾಖಲೆ ಇಡುವ ಗಿಟ್ ಅನ್ನು 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಕಟ್ಟಿದರು. ಇವು ಹುಟ್ಟಿದ ಕಾಲದಲ್ಲಿ ಬರೆದವನೊಬ್ಬ, ಓದುವವನೊಬ್ಬ, ಇಬ್ಬರೂ ಮನುಷ್ಯರು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ‘ಇದನ್ಯಾಕೆ ಹೀಗೆ ಮಾಡಿದೆ ಮಾರಾಯ?’ ಎಂದು ಕೇಳಿದರೆ ಬರೆದವನು ವಾದಕ್ಕಾದರೂ ಇಳಿಯುತ್ತಿದ್ದ. ಏಜೆಂಟ್ ವಾದಕ್ಕಿಳಿಯುವುದು ಅಪರೂಪ. ಪ್ರಶ್ನೆಯಲ್ಲಿ ಸ್ವಲ್ಪ ಅನುಮಾನದ ವಾಸನೆ ಬಂದರೂ ‘ನೀವು ಹೇಳಿದ್ದು ಸರಿ’ ಎಂದು ಮಗ್ಗುಲು ಬದಲಿಸಿಬಿಡುತ್ತದೆ. ಅದರ ಒಪ್ಪಿಗೆಗೆ ನಾನು ಬೆಲೆ ಕಟ್ಟುವುದನ್ನು ಬಿಟ್ಟಿದ್ದೇನೆ.

2025ರಲ್ಲಿ ಕ್ಲಾಡ್ ಕೋಡ್, ಕೋಡೆಕ್ಸ್, ಜೆಮಿನಿ ಸಿಎಲ್‌ಐ ಒಂದರ ಬೆನ್ನಿಗೆ ಒಂದರಂತೆ ಟರ್ಮಿನಲ್‌ಗೇ ಬಂದಿಳಿದವು. ಬರೆಯುವುದು, ಓದುವುದು ಎರಡೂ ಒಂದೇ ಕಪ್ಪು ಪರದೆಯಲ್ಲಿ ಎಂದಾದದ್ದು ಒಳ್ಳೆಯದೇ. ಆದರೆ ಇಂಥ ಏಜೆಂಟುಗಳು ಕೆಲಸದ ನಡುವೆ ಕೇಳುವ ‘ಈ ಬದಲಾವಣೆ ಮಾಡಲೇ?’ ಎಂಬ ಪ್ರಶ್ನೆಗೆ ಹೂಂ ಅನ್ನುವುದನ್ನು ರಿವ್ಯೂ ಎಂದು ಕರೆಯಲು ನಾನು ತಯಾರಿಲ್ಲ. ಅರ್ಧ ಕಟ್ಟಿದ ಗೋಡೆ ತೋರಿಸಿ ಮನೆ ಹೇಗಿದೆ ಎಂದು ಕೇಳಿದ ಹಾಗೆ ಅದು. ಹತ್ತು ಸಲ ಹೂಂ ಅಂದಮೇಲೆ ಹನ್ನೊಂದನೆಯ ಹೂಂ ಬೆರಳಿನಿಂದಲೇ ಹೊರಡುತ್ತದೆ, ಕಣ್ಣಿಗೆ ಅದರ ಸುದ್ದಿಯೇ ಇರುವುದಿಲ್ಲ.

‘ಆ್ಯಡ್ -ಪಿ’ ಒತ್ತಿಸಿಕೊಳ್ಳುವುದೂ ಅದೇ ‘ವೈ’ಯನ್ನೇ. ಆದರೂ ನಾನು ಅದರ ಪಕ್ಷ. ಅದು ಬರುವುದು ಕೆಲಸವೆಲ್ಲ ಮುಗಿದ ಮೇಲೆ, ನನ್ನ ವೇಗದಲ್ಲಿ. ತುಣುಕು ದೊಡ್ಡದಾದರೆ ‘ಎಸ್’ ಒತ್ತಿ ಒಡೆಯಬಹುದು, ‘ಇ’ ಒತ್ತಿ ಸಾಲನ್ನೇ ತಿದ್ದಿ ಒಳಗೆ ಬಿಟ್ಟುಕೊಳ್ಳಬಹುದು. ಅಕ್ಕಿ ಆರಿಸುವ ಕೆಲಸವಿದು. ಮೊರ ನಮ್ಮ ಕೈಯಲ್ಲಿರಬೇಕು.

ಈ ಮೊರಕ್ಕೂ ತೂತುಗಳಿವೆ. ದೊಡ್ಡದು ಹೊಸ ಫೈಲುಗಳದ್ದು. ಗಿಟ್‌ಗೆ ಇನ್ನೂ ಪರಿಚಯವಾಗದ ಫೈಲು ‘ಗಿಟ್ ಡಿಫ್’ನಲ್ಲಿ ಕಾಣುವುದೇ ಇಲ್ಲ. ಏಜೆಂಟುಗಳಿಗೋ ಹೊಸ ಫೈಲು ಹುಟ್ಟಿಸುವ ಚಪಲ ವಿಪರೀತ: ಸಹಾಯಕ್ಕೊಂದು, ಅದರ ಸಹಾಯಕ್ಕೆ ಮತ್ತೊಂದು. ಡಿಫ್ ಪೂರ್ತಿ ಓದಿದೆ ಎಂದು ಎದೆ ತಟ್ಟಿಕೊಂಡವನು ಅವುಗಳಲ್ಲಿ ಒಂದು ಸಾಲನ್ನೂ ಓದದೆ ಇದ್ದಿರಬಹುದು. ಮೊದಲು ‘ಗಿಟ್ ಆ್ಯಡ್ -ಎನ್’ ಕೊಡಬೇಕು, ಆ ಎನ್ ದೊಡ್ಡಕ್ಷರದ್ದು. ಫೈಲನ್ನು ಮುಂದೆ ಸೇರಿಸಲಿದ್ದೇನೆ ಎಂದು ಗಿಟ್‌ಗೆ ತಿಳಿಸುವ ಸೂಚನೆ ಅದು. ಆಮೇಲೆ ಅವೂ ಹಸಿರು ಹೊದ್ದು ಎದುರಿಗೆ ನಿಲ್ಲುತ್ತವೆ.

ಇನ್ನೊಂದು ತೂತು, ಬದಲಾದ ಸಾಲಿನ ಮೇಲೆ ಮೂರು, ಕೆಳಗೆ ಮೂರು ಸಾಲನ್ನಷ್ಟೇ ತೋರಿಸುವ ಡಿಫ್‌ನ ಹಳೇ ಕಂಜೂಸುತನ. ತಾನೇ ಬರೆದ ಕೋಡಾದರೆ ಅಷ್ಟು ಸಾಕು, ಮಿಕ್ಕಿದ್ದು ತಲೆಯಲ್ಲಿರುತ್ತದೆ. ಏಜೆಂಟ್ ಬರೆದದ್ದು ಯಾರ ತಲೆಯಲ್ಲೂ ಇಲ್ಲ. ‘ಗಿಟ್ ಡಿಫ್’ಗೆ ದೊಡ್ಡಕ್ಷರದ ‘-ಡಬ್ಲ್ಯೂ’ ಸೇರಿಸಿದರೆ ಇಡೀ ಫಂಕ್ಷನ್ನೇ ತೆರೆದುಕೊಳ್ಳುತ್ತದೆ. ಪರದೆ ತುಂಬುತ್ತದೆ, ಓದು ನಿಧಾನವಾಗುತ್ತದೆ. ಆಗಲಿ. ಎರಡೇ ನಿಮಿಷದಲ್ಲಿ ಬರೆದು ಕೊಟ್ಟದ್ದನ್ನು ಎರಡೇ ನಿಮಿಷದಲ್ಲಿ ಓದಿ ಮುಗಿಸಬೇಕೆಂಬ ಹರಕೆ ಯಾರೂ ಹೊತ್ತಿಲ್ಲವಲ್ಲ.

ಬಣ್ಣ, ಪಕ್ಕಪಕ್ಕದ ಅಂಕಣ, ಚಂದದ ಚೌಕಟ್ಟು ಇವನ್ನೆಲ್ಲ ಕೊಡುವ ಡೆಲ್ಟಾ, ಲೇಜಿಗಿಟ್ ಇತ್ಯಾದಿ ಇವೆ. ಕಣ್ಣಿಗೆ ಹಿತ, ಅಷ್ಟೇ.

ಈಗ ನಾನು ಮೊದಲು ಓದುವುದು ಟೆಸ್ಟ್ ಫೈಲುಗಳ ಡಿಫ್ ಮಾತ್ರ, ಬೇರೆ ಕಮಾಂಡ್ ಕೊಟ್ಟು. ಅಲ್ಲಿ ಕೆಂಪು ಸಾಲು ಕಂಡರೆ ಕುರ್ಚಿ ಮುಂದಕ್ಕೆಳೆದುಕೊಳ್ಳುತ್ತೇನೆ. ಹೊಸ ಟೆಸ್ಟ್ ಸೇರಿಸಲಿ, ಹಳೆಯದನ್ನು ಮುಟ್ಟಿದರೆ ಕಾರಣ ಬೇಕು.

ಆವತ್ತು ಬೇಡವೆನ್ನುವ ‘ಎನ್’ ಒತ್ತಿ ಒಂದು ಪೈಸೆಯ ಬೆನ್ನು ಹತ್ತಿದೆ. ಸಂಜೆಯ ಹೊತ್ತಿಗೆ ಸಿಕ್ಕಿತು: ಪ್ರತಿ ತಿಂಗಳ ಬಡ್ಡಿಯನ್ನು ರೌಂಡ್ ಮಾಡದೆ, ಮುಂದಿನ ದಶಾಂಶಗಳನ್ನು ಕತ್ತರಿಸಿ ಎಸೆಯುತ್ತಿದ್ದ ಒಂದು ಹಳೆಯ ಸಾಲು. ಏಜೆಂಟ್ ಬದಲಾಯಿಸಿದ ಹನ್ನೊಂದು ಫೈಲುಗಳಲ್ಲಿ ಆ ಸಾಲಿದ್ದ ಫೈಲು ಇರಲಿಲ್ಲ.